ಕೆಂಡ ಕೇಳುವವರು

ಮುಧೋಳ
೧೨ ಆಗಸ್ಟ್ ೧೯೫೪

ಪದ್ಮಾ,

ಈ ಅಕ್ಷರ ಯಾರದೆಂದು ಗುರುತು ಹತ್ತಿತೇ? ಹತ್ತದಿದ್ದರೆ ತಪ್ಪು ನಿನ್ನದಲ್ಲ. ನಿನ್ನ ಮದುವೆಯಲ್ಲಿ ಉಂಡು ಎದ್ದು ಬಂದವಳು ಇಷ್ಟು ವರ್ಷ ಒಂದು ಕಾಗದವನ್ನೂ ಹಾಕಲಿಲ್ಲ. ನಾನು ರತ್ನಾ. ಜಮಖಂಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಿನ್ನ ಪಕ್ಕ ಕೂಡುತ್ತಿದ್ದವಳು. ಗಂಟೆ ಬಾರಿಸುವುದನ್ನು ಸ್ವಲ್ಪ ತಡಮಾಡಲಿ ಎಂದು ಶಾಲೆಯ ಸಿಪಾಯಿಯಾಗಿದ್ದ ನಿನ್ನಪ್ಪನಿಗೆ ನಿನ್ನ ಕೈಯಲ್ಲೇ ಬೆಲ್ಲ ಕಳಿಸುತ್ತಿದ್ದ ಕಳ್ಳಿ.

ನನ್ನ ಸುದ್ದಿ ಅವರಿವರಿಂದ ನಿನಗೆ ಮುಟ್ಟಿರಬೇಕು. ನಮ್ಮವರು ತೀರಿಕೊಂಡ ಮೇಲೆ ಅಣ್ಣಂದಿರ ಮನೆಯಲ್ಲಿದ್ದೆ. ಈಗ ಸರಕಾರದ ಯೋಜನೆಯಲ್ಲಿ ಗ್ರಾಮಸೇವಿಕೆಯಾಗಿ ಮುಧೋಳದಲ್ಲಿ ಒಂದು ಖೋಲಿ ಹಿಡಿದಿದ್ದೇನೆ. ಏನು ಕೆಲಸ ಎಂದು ಕೇಳಿದರೆ ನಗುತ್ತೀ. ಊರೂರು ತಿರುಗಿ ಒಲೆ ಹಾಕಿಸುವುದು. ಹೊಗೆಯಿಲ್ಲದ ಒಲೆ. ಮಣ್ಣು, ಹೊಟ್ಟು, ಸೆಗಣಿಯಲ್ಲೇ ಕಟ್ಟುವುದು. ಬೆಂಕಿಗೆ ಮುಂದೆ ಒಂದೇ ಬಾಯಿ, ಮೇಲೆ ಪಾತ್ರೆಗಳಿಗೆ ಮೂರು ಗುಂಡಿ, ಹಿಂದೆ ಕುಂಬಾರ ಸುಟ್ಟುಕೊಟ್ಟ ಕೊಳವೆ ಮಾಳಿಗೆಯಿಂದ ಹೊರಗೆ. ಮೊದಲ ಗುಂಡಿಯಲ್ಲಿ ರೊಟ್ಟಿ ಬೇಯುವಾಗ ಅದೇ ಉರಿ ಒಳಗಿಂದ ಹಾದು ಎರಡನೆಯದರಲ್ಲಿ ಬೇಳೆ ಬೇಯಿಸಿ ಮೂರನೆಯದರಲ್ಲಿ ನೀರು ಕಾಯಿಸುತ್ತದೆ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಗೇಣುದ್ದ ಮುರಿದು ಹಾಕಿದರೆ ಸಾಕು, ಹೊರೆ ಹೊರುವುದು ಅರ್ಧಕ್ಕೆ ಇಳಿಯುತ್ತದೆ. ಕಣ್ಣಿಗೂ ಸುಖ.

ಆದರೆ ಜನ ಒಪ್ಪುವುದಿಲ್ಲ. ಊರಿಗೊಬ್ಬರು ಮೊದಲು ಹಾಕಿಸಿದರೆ ಉಳಿದವರು ನೋಡಿ ಹಾಕಿಸಿಯಾರು. ಮೊನ್ನೆ ಸಭೆಯಲ್ಲಿ ಬೀಳಗಿ ಕಡೆಯ ಊರುಗಳನ್ನು ಓದುವಾಗ ಅನಗವಾಡಿ ಎಂದರು. ನಾನು ತಟ್ಟನೆ, ಅಲ್ಲಿ ನನ್ನ ಗೆಳತಿ ಇದ್ದಾಳೆ ಎಂದುಬಿಟ್ಟೆ. ನಿನ್ನ ಅಡಿಗೆಮನೆಯಲ್ಲಿ ಒಲೆಗೆ ಜಾಗ ಕೊಡುತ್ತೀಯಾ? ನಾನೇ ಬಂದು ನಿಂತು ಹಾಕಿಸುತ್ತೇನೆ. ಈಗಿನ ಒಲೆ ಯಾವ ಗೋಡೆಗೆ ಇದೆ, ಬೆಳಕಿಂಡಿ ಎಲ್ಲಿದೆ ಎಂದು ಬರೆ.

ನಿನ್ನ
ರತ್ನಾ


ಅನಗವಾಡಿ
೨ ಸೆಪ್ಟೆಂಬರ್ ೧೯೫೪

ರತ್ನಾಬಾಯಿಯವರಿಗೆ,

ಹೀಗೆ ಬಹುವಚನದಲ್ಲಿ ಕರೆದದ್ದು ನಿನಗೆ ಚುಚ್ಚಲಿ ಎಂದೇ. ಇಷ್ಟು ವರ್ಷ ಮರೆತವಳಿಗೆ ಅಡಿಗೆಮನೆ ಬೇಕಾದಾಗ ಪದ್ಮಾ ನೆನಪಾದಳು. ಇರಲಿ. ನಿನ್ನ ಕಾಗದವನ್ನು ಸಂಜೆಯವರೆಗೆ ಉಡಿಯಲ್ಲೇ ಇಟ್ಟುಕೊಂಡು ತಿರುಗಿದೆ. ನನ್ನ ಹೆಸರಿಗೆ ಟಪಾಲು ಬಂದದ್ದು ಇದೇ ಮೊದಲು. ಓಣಿಯವರೆಲ್ಲ ಯಾರು ಸತ್ತರು ಎಂದು ಕೇಳಲು ಬಂದಿದ್ದರು.

ನಿನ್ನ ಗಂಡನ ಸುದ್ದಿ ತಡವಾಗಿ ತಿಳಿಯಿತು. ಬರಬೇಕೆಂದೆ. ಆಗ ನಮ್ಮ ಅತ್ತೆ ಹಣಮವ್ವ ಹಾಸಿಗೆ ಹಿಡಿದಿದ್ದರು. ಹೋದ ವರ್ಷ ಅವರೂ ಹೋದರು. ಈಗ ವರ್ಷದ ಬಹುಪಾಲು ಮನೆಯಲ್ಲಿ ನಾನು, ಎರಡು ಆಡು, ನಾಲ್ಕು ಕೋಳಿ. ಮಕ್ಕಳಾಗಲಿಲ್ಲ. ಮುಚ್ಚಿಡುವುದೇನಿದೆ, ನೀನು ಕೇಳುವ ಮೊದಲೇ ಹೇಳಿಬಿಟ್ಟೆ. ಮನೆಯವರು, ಲಗಮಣ್ಣ, ಈಗ ಊರಲ್ಲಿದ್ದಾರೆ. ದೀಪಾವಳಿ ಮುಗಿದರೆ ಓಣಿಯ ಗಂಡಸರೆಲ್ಲ ಕುರಿ ಹೊಡೆದುಕೊಂಡು ಹೊರಟರು ಎಂದೇ ಲೆಕ್ಕ. ಮಳೆ ಬೀಳುವ ತನಕ ರಾತ್ರಿ ಯಾರ ಹೊಲದಲ್ಲಿ ಕುರಿ ತರುಬಿ ನಿಲ್ಲಿಸುತ್ತಾರೋ, ಯಾವ ಊರ ನೀರು ಕುಡಿಯುತ್ತಾರೋ.

ನಮ್ಮ ಒಲೆಯ ಬಗ್ಗೆ ಕೇಳಿದ್ದೀ. ಮೂಡಣ ಗೋಡೆಗಿದೆ, ಬೆಳಕಿಂಡಿ ಅದರ ನೆತ್ತಿಗೆ. ನಮ್ಮ ಮನೆಯ ಒಲೆ ಆರುವುದಿಲ್ಲ ರತ್ನಾ. ಅತ್ತೆ ಕಲಿಸಿದ್ದು ಅದೊಂದೇ ಪಾಠ: "ಕುರಿ ಹೊರಗ ಇರೂತನಕ ಒಲಿ ಆರಿಸಬಾರ್ದು ಬೇ. ಅಲ್ಲಿ ಅವರು ಬಯಲಾಗ ಮಲಗತಾರ, ಇಲ್ಲಿ ನಮ್ಮ ಬೆಂಕಿ ಅವರನ್ನ ಕಾಯತೈತಿ." ಸಂಜೆ ಎರಡು ಸೆಗಣಿ ಕುಳ್ಳು ಇಟ್ಟು ಬೂದಿ ಮುಚ್ಚಿದರೆ ಬೆಳಗಾಗುವ ತನಕ ಕೆಂಡ ಜೀವ ಹಿಡಿದಿರುತ್ತದೆ. ಓಣಿಯ ಹೆಂಗಸರೆಲ್ಲ ಬೆಳಿಗ್ಗೆ ಒಡೆದ ಗಡಿಗೆಯ ಬೋಕಿ ಹಿಡಿದು ನಮ್ಮಲ್ಲಿಗೇ ಕೆಂಡಕ್ಕೆ ಬರುತ್ತಾರೆ. ಎದುರುಮನೆ ಯಲ್ಲಕ್ಕ ಎಲ್ಲರಿಗಿಂತ ಮೊದಲು. ಕೆಂಡ ಒಯ್ಯಲು ಬಂದವಳು ಕೂತು ಸೊಸೆಯನ್ನು ಬೈದು, ನನ್ನಿಂದಲೂ ಎರಡು ಮಾತು ಬೈಸಿ, ಅಷ್ಟರಲ್ಲಿ ಬೋಕಿಯ ಕೆಂಡ ಆರಿದರೆ ಇನ್ನೊಂದು ಹಾಕಿಸಿಕೊಂಡು ಹೋಗುತ್ತಾಳೆ.

ಹೊಗೆಗೆ ಕಣ್ಣು ಉರಿಯುವುದು ಖರೆ. ಹಾಕಿಸು ನಿನ್ನ ಒಲೆ. ಒಲೆಯ ಆಸೆಗಲ್ಲ, ನೀನು ಬರುತ್ತೀ ಎಂದು ಒಪ್ಪಿದ್ದೇನೆ.

ನಿನ್ನ ದಾರಿ ನೋಡುವ
ಪದ್ಮವ್ವ


ಮುಧೋಳ
೨೮ ಸೆಪ್ಟೆಂಬರ್ ೧೯೫೪

ಪ್ರಿಯ ಪದ್ಮಾ,

ನೀನು ಒಪ್ಪಿದ್ದು ಓದಿ ಕಚೇರಿಯಲ್ಲಿ ಎಲ್ಲರಿಗೂ ಹೇಳಿದೆ. ನಾನೇ ಬರುವವಳಿದ್ದೆ. ಅದೇ ವಾರ ಮೇಲಧಿಕಾರಿಗಳು ತೇರದಾಳಕ್ಕೆ ಬರುತ್ತಿದ್ದಾರೆ, ಅಲ್ಲಿ ಒಲೆ ತೋರಿಸಬೇಕು. ಹೀಗಾಗಿ ಒಲೆ ಕಟ್ಟುವ ನಮ್ಮ ಗೌಂಡಿ ಸಿದರಾಯನನ್ನು ಕಳಿಸುತ್ತಿದ್ದೇನೆ. ಒಳ್ಳೆಯ ಕೈ ಅವನದು, ಚಹಾ ಮಾತ್ರ ಮೂರು ಹೊತ್ತು ಬೇಕು.

ಒಲೆ ಕಟ್ಟಿದ ಮೇಲೆ ಪೂರ್ತಿ ಒಣಗುವ ತನಕ ಉರಿ ಹಾಕಬೇಡ. ಗುಂಡಿಗಳು ನಿನ್ನ ಪಾತ್ರೆಯ ಅಳತೆಗೇ ಇರಬೇಕು, ಸಂದು ಬಿಟ್ಟರೆ ಉರಿ ಅಲ್ಲೇ ಸೋರಿಹೋಗುತ್ತದೆ. ಕೊಳವೆಯ ಬುಡದಲ್ಲಿ ಒಂದು ತಗಡಿನ ಬಾಗಿಲು ಇರುತ್ತದೆ. ಉರಿ ಹತ್ತುವಾಗ ಪೂರ್ತಿ ತೆಗೆ, ಹತ್ತಿದ ಮೇಲೆ ಅರ್ಧ ಎಳೆ. ತಿಂಗಳಿಗೊಮ್ಮೆ ಕೊಳವೆಯ ಮಸಿ ಬಡಿದು ಬೀಳಿಸು. ಉದ್ದ ಕೊರಡು ತುರುಕಬೇಡ. ಓಣಿಯವರನ್ನು ಕರೆದು ತೋರಿಸು.

ಹೇಗೆ ಉರಿಯಿತು, ಎಷ್ಟು ಕಟ್ಟಿಗೆ ಹಿಡಿಯಿತು ಎಂದು ತಪ್ಪದೆ ಬರೆ.

ನಿನ್ನ
ರತ್ನಾ


ಅನಗವಾಡಿ
೩೦ ಅಕ್ಟೋಬರ್ ೧೯೫೪

ರತ್ನಾ,

ಬರುವುದಿಲ್ಲವೆಂದು ನೀನು ಬರೆದಿದ್ದರೂ ಬಂದರೂ ಬಂದೀ ಎಂಬ ಆಸೆಯಿತ್ತು. ಬಾಗಿಲಲ್ಲಿ ಬಂಡಿ ನಿಂತಾಗ ಹೂರಣ ರುಬ್ಬುತ್ತಿದ್ದವಳು ಹಾಗೇ ಎದ್ದು ಬಂದೆ. ಇಳಿದದ್ದು ಸಿದರಾಯ ಮತ್ತು ಕೊಳವೆಗಳು. ನಿನಗೆಂದು ಮಾಡಿದ ಹೋಳಿಗೆಯನ್ನು ಅವನೇ ಉಂಡ. ಚೆನ್ನಾಗಿ ಉಂಡ, ಅದನ್ನು ಹೇಳಲೇಬೇಕು.

ಒಲೆ ಚಲೋ ಆಗಿದೆ. ಮೊದಲ ದಿನ ಉರಿ ಹಾಕಿದಾಗ ಹೊಗೆ ಬರಲಿಲ್ಲವೆಂದು ನನಗೇ ಗಾಬರಿ, ಬೆಂಕಿ ಹತ್ತಿಲ್ಲವೆಂದು ಬಗ್ಗಿ ನೋಡಿ ಹುಬ್ಬು ಸುಟ್ಟುಕೊಂಡೆ. ಓಣಿಯವರಿಗೆ ಇದೊಂದು ತಮಾಷೆಯಾಯಿತು. ಬಂದವರೆಲ್ಲ ಹೊರಗೆ ಹೋಗಿ ಮಾಳಿಗೆ ಮೇಲಿನ ಕೊಳವೆ ನೋಡುವುದು, ಒಳಗೆ ಬಂದು ಒಲೆ ನೋಡುವುದು. ಯಲ್ಲಕ್ಕ ನೆಲದ ಮೇಲೆ ಕೂತು ತಾಸು ಹೊತ್ತು ನೋಡಿ ಹೇಳಿದಳು: "ನಮ್ಮ ಮನ್ಯಾಗೂ ಒಂದ ಹಾಕಸಬೇ. ಸೊಸಿ ಹೊಗಿ ನೆವಾ ಮಾಡಿ ಅಳತಾಳ. ಇನ್ನ ಹೆಂಗ ಅಳತಾಳ ನೋಡೂಣು." ಮನೆಯವರೂ ಉಣ್ಣಲು ಕೂತರು. ರೊಟ್ಟಿ ತಿಂದು, "ರೊಟ್ಟಿಗಿ ಹೊಗಿ ವಾಸನಿ ಇಲ್ಲ, ಮಂದಿ ಮನಿ ರೊಟ್ಟಿ ಆತು" ಎಂದರು. ಮರುದಿನ ಇನ್ನೊಂದು ಹಾಕಿಸಿಕೊಂಡು ತಿಂದರು.

ಪಾಡ್ಯ ಮುಗಿಸಿ ಗಂಡಸರು ಹೊರಟುಹೋದರು. ಕುರಿಯ ಧೂಳು ಹೊಳೆಯ ದಾರಿಯ ಮೇಲೆ ಬಹಳ ಹೊತ್ತು ನಿಂತಿತ್ತು.

ಈ ಓಣಿಗೆಲ್ಲ ಒಲೆ ಬೇಕಂತೆ. ಸಿದರಾಯನನ್ನು ಮತ್ತೆ ಕಳಿಸು. ಅವನ ಜೊತೆ ಬಂಡಿಯಲ್ಲಿ ಇನ್ನೊಬ್ಬರಿಗೂ ಜಾಗವಿರುತ್ತದೆ ಎಂಬುದನ್ನು ನೆನಪಿಡು.

ಪದ್ಮವ್ವ


ಮುಧೋಳ
೨೬ ನವೆಂಬರ್ ೧೯೫೪

ಪ್ರಿಯ ಪದ್ಮಾ,

ನಿನ್ನಿಂದ ನನ್ನ ಮಾನ ಉಳಿಯಿತು. ಇಡೀ ಓಣಿ ಒಲೆ ಹಾಕಿಸಿದ್ದು ನಮ್ಮ ಯೋಜನೆಯಲ್ಲೇ ನಿನ್ನ ಊರಲ್ಲಿ ಮಾತ್ರ. ಸಾಹೇಬರು ನನ್ನ ಹೆಸರು ಹಿಡಿದು ಹೇಳಿದರು. ಹೆಂಗಸರನ್ನು ಒಪ್ಪಿಸುವುದು ಹೇಗೆಂದು ಬೇರೆ ಸೇವಿಕೆಯರು ನನ್ನನ್ನು ಕೇಳುತ್ತಾರೆ. ಮೊದಲು ಒಬ್ಬ ಗೆಳತಿಯನ್ನು ಹುಡುಕಿಕೊಳ್ಳಿ ಎನ್ನುತ್ತೇನೆ.

ಸಿದರಾಯನ ಜೊತೆ ಬರಲಾಗಲಿಲ್ಲ. ಇಲ್ಲಿ ಒಂದು ಊರು ಮುಗಿಯುವಷ್ಟರಲ್ಲಿ ಇನ್ನೊಂದು. ಬೇರೆಯವರ ಅಡಿಗೆಮನೆಯಲ್ಲಿ ದಿನ ಕಳೆದು ಖೋಲಿಗೆ ಬಂದು, ಎಣ್ಣೆಯ ಸ್ಟೋವಿನ ಮೇಲೆ ಒಬ್ಬಳಿಗಾಗಿ ಅನ್ನ ಇಡುತ್ತೇನೆ. ನಗಬೇಡ, ಊರೂರಲ್ಲಿ ಜನ ‘ಒಲೆ ಬಾಯಿ’ ಎಂದು ಕರೆಯುವವಳಿಗೇ ಒಲೆಯಿಲ್ಲ.

ಒಂದು ಹೊರೆ ಹತ್ತಿಕಟ್ಟಿಗೆ ಈಗ ಎಷ್ಟು ದಿನ ಬರುತ್ತಿದೆ? ಮೂರನೆಯ ಗುಂಡಿಯ ನೀರು ಜಳಕಕ್ಕಾಗುವಷ್ಟು ಕಾಯುತ್ತದೆಯೇ? ಉಳಿದ ಮನೆಗಳಲ್ಲಿ ತಗಡಿನ ಬಾಗಿಲು ಸರಿಯಾಗಿ ಎಳೆಯುತ್ತಾರೆಯೇ? ಕೇಳಿ ಬರೆ.

ನಿನ್ನ
ರತ್ನಾ


ಅನಗವಾಡಿ
೧೭ ಡಿಸೆಂಬರ್ ೧೯೫೪

ರತ್ನಾ,

ಕಟ್ಟಿಗೆ ಉಳಿಯುತ್ತಿದೆ. ನೀರು ಕಾಯುತ್ತದೆ. ಬಾಗಿಲು ಎಳೆಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರೂ ಬರುವುದಿಲ್ಲ.

ಯಾಕೆಂದರೆ, ನಿನ್ನ ಒಲೆಯಲ್ಲಿ ಕೆಂಡ ನಿಲ್ಲುವುದಿಲ್ಲ. ಕೊಳವೆ ಎಳೆದುಕೊಂಡು ಕಟ್ಟಿಗೆ ಬೂದಿಯಾಗುವ ತನಕ ಉರಿಸಿಬಿಡುತ್ತದೆ. ಬೆಳಿಗ್ಗೆ ಕೈಯಿಟ್ಟರೆ ತಣ್ಣಗೆ. ಕುಳ್ಳು ಮುಚ್ಚಿ ನೋಡಿದೆ, ಅದನ್ನೂ ತಿಂದುಹಾಕಿತು. ಮೊದಲು ಹೆಂಗಸರು ಬೋಕಿ ಹಿಡಿದು ಬಂದು ಬರಿಗೈಯಲ್ಲಿ ಹೋದರು. ಆಮೇಲೆ ಅವರಿಗೂ ಒಲೆಯಾಯಿತು, ಸಂತೆಯಿಂದ ಕಡ್ಡಿಪೆಟ್ಟಿಗೆ ತಂದುಕೊಂಡರು. ನಾಲ್ಕು ಸಣ್ಣ ಕಟ್ಟಿಗೆ, ಒಂದು ಕಡ್ಡಿ, ಮುಗಿಯಿತು. ಕೆಂಡ ಯಾರಿಗೆ ಬೇಕು? ಸಿಟ್ಟಿನಿಂದಲ್ಲ, ಕೆಲಸವಿಲ್ಲದೆ ಯಾರ ಮನೆಗೂ ಹೋಗಿ ಕೂಡುವವರಲ್ಲ ಇಲ್ಲಿಯವರು. ಹೊಲಕ್ಕೆ ಹೋಗುವಾಗ ಯಲ್ಲಕ್ಕ ದಾರಿಯಲ್ಲಿ ಕೈ ಎತ್ತುತ್ತಾಳೆ.

ಕುರಿ ಹೊರಗಿವೆ, ಮನೆಯ ಒಲೆ ದಿನಾ ಆರುತ್ತಿದೆ. ಅತ್ತೆ ಇದ್ದಿದ್ದರೆ ಏನನ್ನುತ್ತಿದ್ದರೋ. ಒಮ್ಮೊಮ್ಮೆ ದಿನವಿಡೀ ಆಡುಗಳ ಜೊತೆಗೇ ಮಾತಾಡಿರುತ್ತೇನೆ.

ಬೇರೆ ವಿಶೇಷವಿಲ್ಲ.

ಪದ್ಮವ್ವ


ಮುಧೋಳ
೨೯ ಡಿಸೆಂಬರ್ ೧೯೫೪

ಪ್ರಿಯ ಪದ್ಮಾ,

ನಿನ್ನ ಕಾಗದ ಬಂದ ಕೂಡಲೆ ಬರೆಯುತ್ತಿದ್ದೇನೆ. ಆ ಒಲೆ ಕುಳ್ಳಿಗಲ್ಲ. ಕುಳ್ಳಿನ ಬೂದಿ ಒಳದಾರಿಯಲ್ಲಿ ಕಟ್ಟಿಕೊಂಡರೆ ಹೊಗೆ ತಿರುಗಿ ಮನೆಯೊಳಗೇ ಬರುತ್ತದೆ. ಕೆಂಡ ಉಳಿಯದಿರುವುದು ಅದರ ದೋಷವಲ್ಲ, ಗುಣ. ಹಾಕಿದ್ದೆಲ್ಲ ಉರಿಯಾಗಿ ಅಡಿಗೆಗೇ ಹೋಯಿತು ಎಂದು ಅದರ ಅರ್ಥ. ಹಳೆಯ ಒಲೆಯಲ್ಲಿ ರಾತ್ರಿಯಿಡೀ ಕಾಯ್ದ ಕೆಂಡವೆಂದರೆ ಅಷ್ಟು ಕುಳ್ಳು ಸುಮ್ಮನೆ ಹೋದಂತೆ. ಅದೇ ಸೆಗಣಿ ಹೊಲಕ್ಕೆ ಬಿದ್ದರೆ ಗೊಬ್ಬರ.

ನೀನೂ ಒಂದು ಕಡ್ಡಿಪೆಟ್ಟಿಗೆ ತಂದುಕೋ. ಅತ್ತೆಯವರ ಮಾತು ದೊಡ್ಡದೇ, ಆದರೆ ಕುರಿ ಕಾಯುವುದು ಅಲ್ಲಿರುವ ನಾಯಿ, ಇಲ್ಲಿರುವ ಒಲೆಯಲ್ಲ.

ಬಾಗಿಲಿನ ವಿಷಯ ಯಲ್ಲಕ್ಕನ ಮನೆಯಲ್ಲಾದರೂ ನೋಡಿ ಬರೆ. ವರದಿ ಕಳಿಸುವುದಿದೆ.

ನಿನ್ನ
ರತ್ನಾ


ಅನಗವಾಡಿ
೨೨ ಜನವರಿ ೧೯೫೫

ರತ್ನಾ,

ನಾನು ಮಾಡಿದ್ದನ್ನು ಕೇಳಿದರೆ ಬೈಯುತ್ತೀ. ಬೈದುಕೋ, ಆದರೆ ಪೂರ್ತಿ ಓದಿ ಬೈ.

ಸಂಕ್ರಮಣದ ಮುಂದೆ ಸುದ್ದಿ ಬಂತು, ನಮ್ಮವರ ಹಿಂಡಿಗೆ ತೋಳ ಬಿದ್ದು ಮರಿಗಳನ್ನು ಒಯ್ದಿದೆ, ಅಟ್ಟಿಕೊಂಡು ಹೋದ ಮನೆಯವರ ಕಾಲು ಉಳುಕಿದೆ ಎಂದು. ನೀನು ನಾಯಿ ಕಾಯುತ್ತದೆ ಎಂದು ಬರೆದಿದ್ದೆ. ನಾಯಿ ಇತ್ತು. ಇರದೆ ಇದ್ದದ್ದು ನಮ್ಮ ಒಲೆಯ ಬೆಂಕಿ. ಹೀಗಂದರೆ ನಿನ್ನ ಸಾಹೇಬರು ನಗುತ್ತಾರೆ. ಅವರು ಬಯಲಲ್ಲಿ ಗಂಡನನ್ನು ಬಿಟ್ಟು ಮಲಗಿದವರಲ್ಲ.

ಅಂದು ಸಂಜೆ ಒಲೆಯೊಳಗೆ ಹಿಡಿಯುವಷ್ಟು ಕುಳ್ಳು ಇಟ್ಟು ಕೆಂಡ ಮಾಡಿ ಬೂದಿ ಮುಚ್ಚಿದೆ. ಕೊಳವೆ ಅದನ್ನು ತಿನ್ನಬಾರದೆಂದು ತಗಡಿನ ಬಾಗಿಲು ಎಳೆದೆ, ಅದು ಸಾಲದೆಂದು ಮಾಳಿಗೆ ಹತ್ತಿ ಅದರ ಬಾಯಿಗೆ ಕಂಬಳಿಯ ತುಂಡು ತೋಯಿಸಿ ತುರುಕಿದೆ. ಥಂಡಿ ಇತ್ತು. ಬೆಳಕಿಂಡಿಗೆ ಕಲ್ಲು ಮುಚ್ಚಿ ಬಾಗಿಲು ಹಾಕಿ ಮಲಗಿದೆ. ಹೊಗೆಯೇನೂ ಕಾಣಲಿಲ್ಲ.

ಬೆಳಿಗ್ಗೆ ಎಚ್ಚರವಾದಾಗ ತಲೆ ಒಡೆದುಹೋಗುವಂತೆ ಸಿಡಿಯುತ್ತಿತ್ತು. ಎದ್ದರೆ ಕಾಲು ನನ್ನವಲ್ಲ. ಬಾಗಿಲ ತನಕ ತೆವಳಿದೆ, ಅಗುಳಿ ಎತ್ತಲು ಕೈ ಬರಲಿಲ್ಲ. ಹೊಸ್ತಿಲ ಸಂದಿಗೆ ಮೂಗಿಟ್ಟು ಬಿದ್ದಿದ್ದೆ. ಓಣಿಯಲ್ಲಿ ಜನ ಹಾಯುವುದು ಕೇಳುತ್ತಿತ್ತು. ನೀರಿಗೆ ಹೋದರು, ಹೊಲಕ್ಕೆ ಹೋದರು. ಯಾರಿಗೂ ನಮ್ಮ ಮನೆಯಲ್ಲಿ ಕೆಲಸವಿರಲಿಲ್ಲ. ಕೂಗಿದೆ ಎಂದುಕೊಂಡೆ, ದನಿ ಹೊರಟಿತೋ ಇಲ್ಲವೋ.

ಹೊತ್ತು ನೆತ್ತಿಗೆ ಬಂದ ಮೇಲೆ ಯಲ್ಲಕ್ಕ ಹೊಲದಿಂದ ತಿರುಗಿ ಬರುವಾಗ, ಹಿತ್ತಲಲ್ಲಿ ಕಟ್ಟಿದ್ದ ಆಡು ಒದರುವುದು ಕೇಳಿ ಬಾಗಿಲು ಬಡಿದಳು. ಮಗನನ್ನು ಕರೆದು ಬಾಗಿಲು ಎತ್ತಿಸಿ ತೆಗೆದಳು. ನನ್ನನ್ನು ಹೊರಗೆ ಗಾಳಿಗೆ ಎಳೆದು, ತಲೆಗೆ ನೀರು ತಟ್ಟುತ್ತ ಆ ಮುದುಕಿ ಅತ್ತುಬಿಟ್ಟಳು. "ಮದ್ಲಾಗಿದ್ರ ಕೆಂಡಕ್ಕ ಬರತಿದ್ನೆಲ್ಲ ಬೇ ಪದ್ಮವ್ವಾ, ಹೊತ್ತು ಹುಟ್ಟೂದ್ರಾಗ ಗೊತ್ತಾಗತಿತ್ತು. ಈಗ ನೀ ಅದಿಯೋ ಸತ್ತಿಯೋ, ಯಾರಿಗಿ ಗೊತ್ತಾಗಬೇಕ" ಎಂದಳು.

ಆ ಮಾತು ಆಗಿನಿಂದ ಕಿವಿಯಲ್ಲಿ ಕೂತಿದೆ.

ಪದ್ಮವ್ವ


ಮುಧೋಳ
೨೭ ಜನವರಿ ೧೯೫೫

ಪ್ರಿಯ ಪದ್ಮಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಇಂದೇ ಕಂಬಳಿಯ ತುಂಡು ತೆಗೆಸು. ಕೆಂಡ ಮುಚ್ಚಿಟ್ಟು ಬಾಗಿಲು ಹಾಕಿ ಮಲಗಬೇಡ. ಹೊಗೆ ಕಾಣದಿದ್ದರೂ ಕೆಂಡದ ಗಾಳಿ ಕೊಲ್ಲುತ್ತದೆ. ತರಬೇತಿಯಲ್ಲಿ ಹೇಳಿದ್ದರು. ನಿನಗೆ ಬರೆಯಬೇಕೆಂದು ನನಗೆ ಹೊಳೆಯಲಿಲ್ಲ, ಯಾರಾದರೂ ಕೊಳವೆ ಮುಚ್ಚುತ್ತಾರೆಂದು ಯಾರಿಗೆ ಗೊತ್ತಿತ್ತು?

ಇದಕ್ಕೊಂದು ಉಪಾಯವಿದೆ. ಬನಹಟ್ಟಿಯಲ್ಲಿ ನೇಕಾರರ ಮನೆಯಲ್ಲಿ ನೋಡಿದೆ, ನೂಲಿಗೆ ಹಚ್ಚುವ ಗಂಜಿ ಕುದಿಸಲು ಹೊಟ್ಟಿನ ಒಲೆ ಮಾಡುತ್ತಾರೆ. ಹಳೆಯ ಡಬ್ಬಿಯ ಪಕ್ಕದಲ್ಲಿ ಕೆಳಗೊಂದು ತೂತು. ನಡುವೆ ಒಂದು ಬಡಿಗೆ ನಿಲ್ಲಿಸಿ, ಸುತ್ತ ಶೇಂಗಾ ಸಿಪ್ಪೆಯ ಪುಡಿಯನ್ನೋ ಜೋಳದ ಹೊಟ್ಟನ್ನೋ ಗಟ್ಟಿಯಾಗಿ ಜಡಿದು, ಬಡಿಗೆ ಎಳೆದುಬಿಟ್ಟರೆ ನಡುವೆ ದಾರಿಯಾಗುತ್ತದೆ. ಕೆಳಗಿಂದ ಉರಿ ತೋರಿಸಿದರೆ ದಿನವೆಲ್ಲ ನಿಧಾನ ಉರಿಯುತ್ತದೆ, ಸಂಜೆಗೆ ಇನ್ನೊಮ್ಮೆ ತುಂಬಿದರೆ ಬೆಂಕಿ ಆರುವುದೇ ಇಲ್ಲ. ಕಟ್ಟಿಗೆಯ ಖರ್ಚಿಲ್ಲ. ಅದನ್ನು ಹೊರಗೆ ಕಟ್ಟೆಯ ಮೇಲೆ ಇಡು, ಒಳಗೆ ಬೇಡ. ಡಬ್ಬಿಯನ್ನು ನಾನೇ ಮಾಡಿಸಿ ಸಿದರಾಯನ ಕೈಯಲ್ಲಿ ಕಳಿಸುತ್ತೇನೆ.

ನಾನು ಯಾಕೆ ಬರುವುದಿಲ್ಲ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ಕೆಲಸ ಎಂದು ಬರೆಯುತ್ತ ಬಂದೆ, ಅದು ಅರ್ಧ ಖರೆ. ನಿನ್ನ ಮದುವೆಯಲ್ಲಿ ನಾನು ಹಸಿರು ಬಳೆ ತುಂಬ ಇಟ್ಟುಕೊಂಡು ಓಡಾಡಿದವಳು. ಈ ಬರಿಗೈ, ಬರಿ ಹಣೆ ನೀನು ನೋಡಬಾರದು ಎಂದು ಅನಿಸುತ್ತದೆ. ಗುರುತಿಲ್ಲದವರ ಮನೆಗೆ ಹೋಗಲು ನನಗೆ ಏನೂ ಅನಿಸುವುದಿಲ್ಲ. ಅವರಿಗೆ ನಾನು ಒಲೆ ಬಾಯಿ. ನಿನ್ನೆದುರಿಗೆ ರತ್ನಾ ಆಗಿ ನಿಲ್ಲುವುದು ಆಗುತ್ತಿಲ್ಲ.

ಡಬ್ಬಿ ಮುಟ್ಟಿದ ಮೇಲೆ ಹೇಗೆ ಉರಿಯಿತೆಂದು ಬರೆ.

ನಿನ್ನ
ರತ್ನಾ


ಅನಗವಾಡಿ
೮ ಫೆಬ್ರುವರಿ ೧೯೫೫

ರತ್ನಾ,

ಡಬ್ಬಿ ಮುಟ್ಟಿತು. ಮಾಳಿಗೆಯ ಮೂಲೆಗೆ ಇಟ್ಟಿದ್ದೇನೆ, ತುಂಬಿಲ್ಲ.

ಕಂಬಳಿ ತೆಗೆದೆ. ನಿನ್ನ ಒಲೆಯಲ್ಲೇ ಅಡಿಗೆ ಮಾಡುತ್ತಿದ್ದೇನೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಕಣ್ಣು ತಿಳಿಯಾಗಿದೆ, ಹೊರೆ ಹೊತ್ತು ಕುತ್ತಿಗೆ ನೋಯುವುದೂ ತಪ್ಪಿದೆ. ಒಲೆ ಒಲೆಯ ಕೆಲಸ ಮಾಡುತ್ತಿದೆ. ಸಿಟ್ಟು ನಿನ್ನ ಮೇಲೆ.

ನಿನ್ನೆ ನಿನ್ನ ಕಾಗದಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಓದಿದೆ. ಕಟ್ಟಿಗೆ ಎಷ್ಟು, ನೀರು ಕಾಯಿತೇ, ಬಾಗಿಲು ಎಳೆದರೇ, ಯಲ್ಲಕ್ಕನ ಒಲೆ ಹೇಗಿದೆ. ಸತ್ತು ಬದುಕಿದೆ ಎಂದು ಬರೆದರೆ ಇನ್ನೊಂದು ಒಲೆ ಕಳಿಸಿದೆ. ಪದ್ಮಾ ಹೇಗಿದ್ದೀ ಎಂಬ ಮಾತು ಒಂದರಲ್ಲೂ ಇಲ್ಲ. ಮತ್ತೆ ಮತ್ತೆ ಹುಡುಕಿದೆ ರತ್ನಾ. ಕಾಗದದ ಹಿಂದೆಯೂ ನೋಡಿದೆ.

ನನಗೆ ಇದ್ದದ್ದು ಬೆಂಕಿಯ ಕೊರತೆಯಲ್ಲ. ಬೆಳಗಾದರೆ ಬಾಗಿಲಿಗೆ ಬಂದು ನನ್ನ ಹೆಸರು ಹಿಡಿದು ಕರೆಯುವವರು ಬೇಕಿತ್ತು. ಅವರು ಕೆಂಡಕ್ಕಷ್ಟೇ ಬರುತ್ತಿದ್ದರು ಎಂದು ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ.

ಈಗ ಯಲ್ಲಕ್ಕ ದಿನಾ ಬೆಳಿಗ್ಗೆ ಬಂದು ಬಾಗಿಲು ಬಡಿಯುತ್ತಾಳೆ. ಬದುಕಿದ್ದೇನೆಯೇ ಎಂದು ನೋಡಲು. ನೋಡಿ, "ಅದಿ?" ಎನ್ನುತ್ತಾಳೆ. "ಅದೀನಿ" ಎನ್ನುತ್ತೇನೆ. ಹೋಗುತ್ತಾಳೆ. ಮೊದಲಿನಂತೆ ಕೂಡುವುದಿಲ್ಲ. ಅವಳ ಕೈಯಲ್ಲಿ ಬೋಕಿ ಇಲ್ಲ, ಕೂಡಲು ಅವಳಿಗೂ ನೆವವಿಲ್ಲ.

ಇನ್ನು ನಿನ್ನ ಹಣೆಯ ಮಾತು. ಅದನ್ನು ಓದಿ ಅಳು ಬಂತು, ಆಮೇಲೆ ಸಿಟ್ಟು ಬಂತು. ಗಂಡ ವರ್ಷಕ್ಕೆ ಮಳೆಗಾಲದಲ್ಲಷ್ಟೇ ಮನೆಯಲ್ಲಿರುವ, ಮಡಿಲಲ್ಲಿ ಮಗುವಿಲ್ಲದ ನಾನು ನಿನ್ನ ಹಣೆ ನೋಡುತ್ತ ಕೂಡುತ್ತೇನೆಯೇ? ನೀನು ಹೇಗಿದ್ದೀಯೋ ಹಾಗೆ ಬಂದು ಕೂತಿದ್ದರೆ ಸಾಕಿತ್ತು. ನಿನ್ನ ಸ್ಟೋವಿನ ಅನ್ನ ನೀನೊಬ್ಬಳೇ ಉಣ್ಣುತ್ತೀ, ನನ್ನ ರೊಟ್ಟಿ ನಾನೊಬ್ಬಳೇ ತಿನ್ನುತ್ತೇನೆ, ನಡುವೆ ಒಂದು ದಿನದ ಬಸ್ಸಿನ ದಾರಿ.

ಇನ್ನು ಒಲೆ ಹೇಗಿದೆ ಎಂದು ಕೇಳುವ ಕಾಗದವಾದರೆ ಹಾಕಬೇಡ. ನಾನು ಉತ್ತರ ಬರೆಯುವುದಿಲ್ಲ.

ಪದ್ಮವ್ವ


ಮುಧೋಳ
೧೨ ಫೆಬ್ರುವರಿ ೧೯೫೫

ಪದ್ಮಾ,

ಹೇಗಿದ್ದೀ?

ಇದಕ್ಕೆ ಉತ್ತರ ಬರೆದು ಟಪಾಲಿಗೆ ಹಾಕಬೇಡ. ರಜೆ ಕೇಳಿದ್ದೇನೆ, ಕೊಡದಿದ್ದರೂ ಹೊರಡುತ್ತೇನೆ. ಗುರುವಾರ ಲೋಕಾಪುರದಲ್ಲಿ ಬಸ್ಸು ಬದಲಿಸಿ ಬರುತ್ತೇನೆ. ನಿನ್ನ ಬಾಗಿಲಲ್ಲಿ ನಿಂತು ಇದನ್ನೇ ಕೇಳುತ್ತೇನೆ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹೇಳು. ನೀನು ಹೇಳಿ ಮುಗಿಸಿದ ಮೇಲೆ ನನ್ನನ್ನೂ ಕೇಳು. ನನ್ನನ್ನೂ ಯಾರೂ ಕೇಳಿಲ್ಲ.

ರತ್ನಾ